ಟೈಂ ಔಟ್‌ನಲ್ಲಿ ಮಾತಾಡುವವರು ಯಾರು?

ಕಬಡ್ಡಿಯಲ್ಲಿ ಪ್ರತಿ ಅರ್ಧಾವಧಿಗೆ ಒಂದು ತಂಡಕ್ಕೆ ಎರಡು ಟೈಂ ಔಟ್‌ಗಳು, ಒಂದೊಂದೂ 30 ಸೆಕೆಂಡುಗಳದ್ದು. ಹುಡುಗರು ನೀರು ಕುಡಿದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅದರ ಮೂರನೆಯ ಒಂದು ಪಾಲು ಮುಗಿದಿರುತ್ತದೆ. ಉಳಿದ ಹೊತ್ತಿನಲ್ಲಿ ಇಬ್ಬರು ಕೋಚ್‌ಗಳು ಒಟ್ಟಿಗೆ ಬಾಯಿ ತೆರೆದರೆ ಏನಾಗುತ್ತದೆ ಎಂಬುದನ್ನು ನಾನು ಕುಂಬಳೆಯ ಕಡೆಯ ಒಂದು ಪಂದ್ಯದಲ್ಲಿ ಕಂಡೆ.

ನಮ್ಮ ತಂಡಕ್ಕೆ ನಾವಿಬ್ಬರು ಕೋಚ್‌ಗಳು: ಎದುರಾಳಿಯನ್ನು ಹಿಡಿಯುವ ಡಿಫೆನ್ಸ್ ನನ್ನ ಪಾಲಿನದು, ಎದುರಾಳಿಗಳ ಅಂಕಣಕ್ಕೆ ನುಗ್ಗುವ ರೈಡರ್‌ಗಳು ಜೊತೆಗಾರರ ಪಾಲಿನವರು. ಅಂದು ಅಂಕಣದಲ್ಲಿ ನಮ್ಮವರು ಮೂವರೇ ಉಳಿದಿದ್ದರು. ಮೂವರು ಅಥವಾ ಅದಕ್ಕಿಂತ ಕಡಿಮೆ ಆಟಗಾರರು ಇರುವಾಗ ರೈಡರ್‌ನನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಅಂಕ. ಆದ್ದರಿಂದ ಮುನ್ನುಗ್ಗಿ ಹಿಡಿಯಿರಿ ಎಂದೆ ನಾನು. ಹಿಡಿತ ತಪ್ಪಿದರೆ ಎಲ್ಲರೂ ಹೊರಬೀಳುವ ಆಲ್ ಔಟ್ ಬಾಗಿಲಲ್ಲೇ ಇದೆ, ಹಿಂದೆ ಸರಿದು ರೈಡರ್‌ನನ್ನು ಬರಿಗೈಯಲ್ಲಿ ಕಳುಹಿಸಿ, ನಮ್ಮ ಮುಂದಿನ ರೈಡ್‌ನಲ್ಲಿ ಹೊರಗಿರುವವರನ್ನು ಒಳಗೆ ತರೋಣ ಎಂದರು ಅವರು. ಎರಡೂ ತಪ್ಪಲ್ಲದ ಮಾತುಗಳೇ. ಬಲ ಕಾರ್ನರ್‌ನ, ಅಂದರೆ ಡಿಫೆನ್ಸ್ ಸಾಲಿನ ಬಲತುದಿಯ ಹುಡುಗ ನನ್ನ ಮಾತಿನಂತೆ ರೈಡರ್‌ನ ಕಾಲಿಗೆ ಹಾರಿದ, ಉಳಿದಿಬ್ಬರು ಅವರ ಮಾತಿನಂತೆ ಹಿಂದೆಯೇ ನಿಂತರು, ರೈಡರ್ ನಮ್ಮ ಹುಡುಗನನ್ನು ಎಳೆದುಕೊಂಡೇ ನಡುಗೆರೆ ಮುಟ್ಟಿದ.

ಆ ರಾತ್ರಿ ಬೈಕಿನಲ್ಲಿ ಬದಿಯಡ್ಕದವರೆಗೆ ನಾವಿಬ್ಬರೂ ಮಾತಾಡಲಿಲ್ಲ. ಮರುದಿನ ಕುಳಿತು ಮಾಡಿಕೊಂಡ ಒಪ್ಪಂದ ಇಂದಿಗೂ ನಡೆಯುತ್ತಿದೆ: ಅಂಕಣದಲ್ಲಿ ನಮ್ಮವರು ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತು ನನ್ನದು, ಹೆಚ್ಚಿದ್ದರೆ ಅವರದು. ಮಾತು ಯಾರದಲ್ಲವೋ ಅವರು ನೀರಿನ ಬಾಟಲಿ ಹಿಡಿದುಕೊಳ್ಳಬೇಕು. ಆಟಗಾರರು ಗೆರೆಯ ಬಳಿ ಬರುವ ಮೊದಲು ಇನ್ನೊಬ್ಬರ ಕಿವಿಯಲ್ಲಿ ಒಂದೇ ಒಂದು ವಾಕ್ಯ ಹೇಳಬಹುದು. ಕೇಳಿದವರು ಅದನ್ನು ಬಳಸಬಹುದು, ಬಿಡಲೂಬಹುದು. ಬಾಟಲಿ ಹಿಡಿದು ಸುಮ್ಮನಿರುವುದು ಡಿಫೆನ್ಸ್ ಕಲಿಸುವುದಕ್ಕಿಂತ ಕಷ್ಟವೆಂದು ನನ್ನ ಅನುಭವ, ಏಕೆಂದರೆ ನಾನು ಸ್ವಭಾವತಃ ಮಾತುಗಾರ.

ಭಾಷೆಯ ವಿಚಾರವೂ ಇತ್ತು. ಕಾಸರಗೋಡಿನ ತಂಡವೆಂದರೆ ಕನ್ನಡ, ತುಳು, ಮಲಯಾಳ ಮೂರೂ ಇರುತ್ತವೆ. ನಾನು ‘ನಿಲ್ಲು’ ಎನ್ನುವಾಗ ಅವರು ‘ನಿಲ್ಕ್’ ಎನ್ನುತ್ತಿದ್ದರು; ಅರ್ಥ ಒಂದೇ ಆದರೂ ಗದ್ದಲದಲ್ಲಿ ಎರಡು ದನಿಗಳು ಎರಡು ಆದೇಶಗಳಂತೆ ಕೇಳಿಸುತ್ತಿದ್ದವು. ಈಗ ತುಳುವಿನ ‘ಉಂತು’ ಒಂದೇ ಸಾಕು, ಮಲಯಾಳ ಮನೆಮಾತಿನ ಹುಡುಗರೂ ಅದಕ್ಕೇ ನಿಲ್ಲುತ್ತಾರೆ.

ಅಮ್ಮ ಬೇಡವೆಂದದ್ದನ್ನು ಅಪ್ಪನ ಬಳಿ ಕೇಳುವ ಚಾಳಿ ಆಟಗಾರರಲ್ಲಿಯೂ ಇದೆ. ಮಂಡಿನೋವೆಂದು ಅವರ ಬಳಿ ವಿನಾಯಿತಿ ಸಿಗದವನು ನನ್ನ ಬಳಿ ಕುಂಟುತ್ತಾ ಬರುತ್ತಾನೆ. ನಾವಿಬ್ಬರೂ ಮೊದಲು ಕೇಳುವುದು, ‘ಅವರು ಏನೆಂದರು?’

ಆದರೆ ಭಿನ್ನಾಭಿಪ್ರಾಯವನ್ನು ತಂಡದಿಂದ ಪೂರ್ತಿ ಮುಚ್ಚಿಡಬೇಕೆಂಬುದನ್ನು ನಾನು ಒಪ್ಪುವುದಿಲ್ಲ. ಅಭ್ಯಾಸದ ದಿನಗಳಲ್ಲಿ ನಾವು ಹುಡುಗರ ಎದುರೇ ವಾದಿಸುತ್ತೇವೆ, ಅವರ ರೈಡರ್‌ಗಳು ನನ್ನ ಹುಡುಗರು ಕೈ ಕೈ ಹಿಡಿದು ಕಟ್ಟಿದ ಚೈನನ್ನು ಮುರಿಯಲು ನೋಡುತ್ತಾರೆ, ಯಾರ ಲೆಕ್ಕ ಸರಿಯೆಂಬುದು ಮಣ್ಣಿನ ಮೇಲೆ ತೀರ್ಮಾನವಾಗುತ್ತದೆ. ಪಂದ್ಯದ ದಿನ ಮಾತ್ರ ವಾದವಿಲ್ಲ.

ಹನ್ನೆರಡು ಮಂದಿಯನ್ನು ಆರಿಸುವಾಗ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಹೆಸರು ಬರೆದು ಆಮೇಲೆ ಅದಲುಬದಲು ಮಾಡಿಕೊಳ್ಳುತ್ತೇವೆ. ಮೊದಲೇ ಮಾತಿಗಿಳಿದರೆ ದನಿ ದೊಡ್ಡದಿರುವವನ ಪಟ್ಟಿಯೇ ತಂಡದ ಪಟ್ಟಿಯಾಗಿಬಿಡುತ್ತದೆ. ಈ ಬಾರಿ ಹನ್ನೊಂದು ಹೆಸರುಗಳು ಹೊಂದಿವೆ. ಹನ್ನೆರಡನೆಯದಕ್ಕಾಗಿ ನಾಳೆ ಬೆಳಗ್ಗೆ ಪೆರ್ಲದ ಚಹಾದಂಗಡಿಯಲ್ಲಿ ಸೇರಲಿದ್ದೇವೆ. ಅವರಿಗೆ ಇನ್ನೊಬ್ಬ ರೈಡರ್ ಬೇಕಂತೆ, ನನಗೆ ಎಡ ಕಾರ್ನರ್ ಬೇಕು.