ಡಬಲ್ ಟ್ಯಾಂಕ್: ಮೊದ್ಲು ಕೈ ವಾಲ್ವ್‌ಗೆ ಎಟುಕ್ಬೇಕು

14 ಮಾರ್ಚ್ 2025, ಶುಕ್ರವಾರ

ಇವತ್ತು ಸ್ಕೂಬಾ ಡೈವಿಂಗ್ ಕ್ಲಾಸಲ್ಲಿ, ಪೂಲ್‌ನಲ್ಲಿ ಪೂರ್ತಿ ವಾಲ್ವ್ ಡ್ರಿಲ್ಲೇ ಆಯ್ತು, ಅಂದ್ರೆ ನೀರೊಳಗೆ ಟ್ಯಾಂಕಿನ ವಾಲ್ವ್ ಮುಚ್ಚಿ ತೆಗೆಯೋ ಅಭ್ಯಾಸ. ಬೆನ್ನಿಗೆ ಎರಡು 12 ಲೀಟರ್ ಸ್ಟೀಲ್ ಟ್ಯಾಂಕು, ಎರಡನ್ನೂ ಸೇರಿಸೋ ಮ್ಯಾನಿಫೋಲ್ಡು, ಅದರ ಮಧ್ಯದಲ್ಲಿ ಎರಡು ಟ್ಯಾಂಕನ್ನೂ ಬೇರೆ ಮಾಡೋ ವಾಲ್ವ್, ಅಂದ್ರೆ ಐಸೊಲೇಟರ್. ಬಲಗಡೆ ವಾಲ್ವ್ ಮುಚ್ಚಿ, ಬಾಯಲ್ಲಿರೋ ರೆಗ್ಯುಲೇಟರ್‌ನಲ್ಲಿ (ಟ್ಯಾಂಕಿನ ಗಾಳಿ ಉಸಿರಾಡೋ ಸಾಧನ) ಉಳಿದ ಗಾಳಿ ಎಳೆದು ಮುಗಿಸಿ, ಕುತ್ತಿಗೆಗೆ ನೇತಾಕ್ಕೊಂಡಿರೋ ಬ್ಯಾಕಪ್‌ಗೆ ಬದಲಾಯಿಸಿ, ಬಲಗಡೇದು ವಾಪಸ್ ಓಪನ್ ಮಾಡಿ, ಆಮೇಲೆ ಐಸೊಲೇಟರ್, ಆಮೇಲೆ ಎಡಗಡೇದು, ಇಷ್ಟನ್ನೂ ಅಡ್ಡ ಮಲಗಿದ ಹಾಗೇ ಇದ್ದು, ಮೇಲೂ ಹೋಗ್ದೆ ಕೆಳಗೂ ಇಳೀದೆ ಮಾಡ್ಬೇಕು. ಭುಜ ಬಿಗಿ ಹಿಡಿದ್ರೆ ಕೈ ಹೋಗೋದೇ ಇಲ್ಲ. ತಲೆ ಹಿಂದಕ್ಕೆತ್ತಿ, ಮೊಣಕೈ ಕಿವಿ ಪಕ್ಕದಿಂದ ಮುಂದಕ್ಕೆ ತಂದ್ರೆ ನಾಬ್ ತಾನಾಗೇ ಬೆರಳಿಗೆ ಸಿಗುತ್ತೆ.

ಇದರಲ್ಲಿ ನಂಗೆ ತುಂಬಾ ಇಷ್ಟ ಆಗೋದು ಮ್ಯಾನಿಫೋಲ್ಡ್ ಕೆಲಸ ಮಾಡೋ ರೀತಿ. ಬಲಗಡೆ ರೆಗ್ಯುಲೇಟರ್ ಸೋರೋಕೆ ಶುರುವಾಯ್ತು ಅಂತ ಆ ವಾಲ್ವ್ ಮುಚ್ಚಿದ್ರೂ ಆ ಟ್ಯಾಂಕಲ್ಲಿರೋ ಗಾಳಿ ಎಲ್ಲೂ ಹೋಗಲ್ಲ, ಎಡಗಡೆಯಿಂದ ಎರಡೂ ಟ್ಯಾಂಕಿನದ್ದು ಸಿಗ್ತಾ ಇರುತ್ತೆ. ಟ್ಯಾಂಕಿಗೂ ವಾಲ್ವ್‌ಗೂ ಮಧ್ಯದ ಓ-ರಿಂಗ್ (ರಬ್ಬರ್ ಸೀಲು) ತರದ್ದೇ ಹೋದ್ರೆ ಐಸೊಲೇಟರ್ ಮುಚ್ಚಿ ಅರ್ಧ ಉಳಿಸಿಕೊಳ್ಳೋದು. ಹಾಗಂತ ಐಸೊಲೇಟರ್ ಮುಚ್ಚಿದ್ದು ಗೊತ್ತಾಗದೇ ಟ್ಯಾಂಕ್ ತುಂಬಿಸಿದ್ರೆ ಭಾರಿ ಅಪಾಯ, ಯಾಕಂದ್ರೆ ಗೇಜ್ ಇರೋದು ಒಂದೇ ಕಡೆ, ಇನ್ನೊಂದರಲ್ಲಿ ಎಷ್ಟಿದೆ ಅಂತ ಅದು ಹೇಳಲ್ಲ. ಪ್ರತಿ ಡೈವ್‌ಗೂ ಮುಂಚೆ ಕೈಯಿಂದ ಮುಟ್ಟಿ ತಿರುಗಿಸಿ ನೋಡ್ಲೇಬೇಕು, ಕಣ್ಣಲ್ಲಿ ನೋಡಿದ್ರೆ ಸಾಲ್ದು.

ಡಬಲ್ಸ್ ಅಂದ್ರೆ ಡಬಲ್ ಟೈಮು ಅಂತ ತುಂಬಾ ಜನ ಅಂದ್ಕೋತಾರೆ, ಅದು ನಂಗೆ ನಿಜಕ್ಕೂ ಭಯ ಹುಟ್ಟಿಸುತ್ತೆ. ಲೆಕ್ಕ ಹಾಕಿ ನೋಡಿ: 24 ಲೀಟರು, 200 ಬಾರ್, ಒಟ್ಟು 4800 ಲೀಟರ್. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯೋರು 30 ಮೀಟರ್ ಆಳದಲ್ಲಿ, ಒತ್ತಡ ನಾಲ್ಕು ಪಟ್ಟು ಇರೋದ್ರಿಂದ, 80 ಎಳೀತಾರೆ, ಅಂದ್ರೆ ಕಾಗದದ ಮೇಲೆ ಒಂದು ಗಂಟೆ. ಆದ್ರೆ ಆ ಆಳದಲ್ಲಿ ಬರೀ ಗಾಳಿ ಉಸಿರಾಡ್ತಾ ಡಿಕಂಪ್ರೆಶನ್ (ಮೇಲೆ ಬರುವಾಗ ದಾರೀಲಿ ನಿಂತು ನಿಂತು ಬರೋದು) ಇಲ್ದೆ ಇರೋಕಾಗೋದು ಸುಮಾರು 20 ನಿಮಿಷ ಅಷ್ಟೆ. ಒಂದೇ ಟ್ಯಾಂಕ್ ಇದ್ದಾಗ ಗಾಳಿ ಕಮ್ಮಿ ಆಯ್ತು ಅಂತ ಹೊರಟುಬಿಡ್ತೀವಿ, ಡಬಲ್ಸ್‌ನಲ್ಲಿ ಗೇಜ್ ಇನ್ನೂ ಬೇಕಾದಷ್ಟಿದೆ ಅಂತ ತೋರಿಸ್ತಿರುತ್ತೆ, ಡೈವ್ ಕಂಪ್ಯೂಟರ್ ಮಾತ್ರ ಮುಗೀತು ಅಂತಿರುತ್ತೆ. ಇನ್‌ಸ್ಟ್ರಕ್ಟರ್ ಇದನ್ನೇ ಒತ್ತಿ ಒತ್ತಿ ಹೇಳಿದ್ರು: ಹೆಚ್ಚಿನ ಗಾಳಿ ಜೊತೆಗಾರ ಡೈವರ್ ಸೇರಿ ಇಬ್ರೂ ಸೇಫಾಗಿ ಮೇಲೆ ಬರೋಕೆ, ಕೆಳಗೆ ಕೂರೋಕಲ್ಲ.

ನಾಳೆ ಗಾಳಿ ಮುಗಿದ ಜೊತೆಗಾರನಿಗೆ ಲಾಂಗ್ ಹೋಸ್ (ಉದ್ದ ಪೈಪಿನ ರೆಗ್ಯುಲೇಟರ್) ಕೊಡೋ ಪ್ರಾಕ್ಟೀಸು. ಆಮೇಲೆ ಇದೇ ವಾಲ್ವ್ ಡ್ರಿಲ್ ಮತ್ತೆ, ಈ ಸಲ ದಪ್ಪ ಗ್ಲೌಸ್ ಹಾಕ್ಕೊಂಡು.