ನೂರಕ್ಕೆ ಎರಡು ಅಂದರೆ ವರ್ಷಕ್ಕೆ ಎಷ್ಟು?

ಸಿಂಧನೂರಿನಲ್ಲಿ ಪರೀಕ್ಷೆಗೆ ಓದುವ ಹುಡುಗರು ಸಿಕ್ಕಾಗಲೆಲ್ಲ ಕೇಳುವುದು ಇದೇ: "ಅಣ್ಣಾ, ಸರಳ ಬಡ್ಡಿ, ಚಕ್ರಬಡ್ಡಿ ಸೂತ್ರ ಎಲ್ಲಾ ಬಾಯಿಪಾಠ ಆಗಿದೆ. ಆದರೂ ಪರೀಕ್ಷೆಯಲ್ಲಿ ಲೆಕ್ಕ ಕೈಕೊಡುತ್ತದೆ. ಹೇಗೆ ಓದಬೇಕು?"

ಮೊದಲು ಸೂತ್ರ ಮುಚ್ಚಿಡಿ ಅಂತೀನಿ. ಭತ್ತದ ಸೀಮೆಯಲ್ಲಿ ಹುಟ್ಟಿದವರಿಗೆ ಬಡ್ಡಿ ಹೊಸದಾ?

ನಾಟಿ ಹೊತ್ತಿಗೆ ಗೊಬ್ಬರಕ್ಕೆ ಕೈಸಾಲ ತರುವಾಗ "ನೂರಕ್ಕೆ ಎರಡು" ಎಂದು ಮಾತಾಗುತ್ತದೆ ಅಲ್ವಾ? ಅದು ತಿಂಗಳ ಲೆಕ್ಕ. ವರ್ಷಕ್ಕೆ ಶೇ 24. 50,000 ರೂಪಾಯಿ ತಂದರೆ ವರ್ಷದ ಬಡ್ಡಿ 12,000. ಎಡದಂಡೆ ಕಾಲುವೆ ನೀರು ಕೊನೆಯ ಹೊಲದ ತನಕ ಬರಲಿಲ್ಲ, ಬೆಳೆ ಹೋಯಿತು, ಬಡ್ಡಿ ಕಟ್ಟಲಾಗಲಿಲ್ಲ ಅನ್ನಿ. ಸಾಹುಕಾರ ಹಳೇ ಪತ್ರ ಹರಿದು 62,000ಕ್ಕೆ ಹೊಸದು ಬರೆಸುತ್ತಾನೆ. ಅಲ್ಲಿಗೆ ಚಕ್ರಬಡ್ಡಿ ಶುರು. ಎರಡನೇ ವರ್ಷದ ಬಡ್ಡಿ 14,880. ಸರಳ ಬಡ್ಡಿಯಾಗಿದ್ದರೆ ಅಸಲಿನ ಮೇಲಷ್ಟೇ ಲೆಕ್ಕ, ಎರಡನೇ ವರ್ಷವೂ 12,000. ಇಲ್ಲಿ ಅದಕ್ಕಿಂತ 2,880 ಜಾಸ್ತಿ. ಈ ದುಡ್ಡು ಎಲ್ಲಿಂದ ಬಂತು? 12,000ದ ಮೇಲೆ ಶೇ 24. ಬಡ್ಡಿಗೆ ಬಿದ್ದ ಬಡ್ಡಿ, ಅಷ್ಟೇ.

ಇದು ತಲೆಗೆ ಹೋದರೆ ಅರ್ಧ ಪ್ರಶ್ನೆಗಳನ್ನು ಬಾಯಲ್ಲೇ ಬಿಡಿಸಬಹುದು. "ಶೇ 10ರಂತೆ 2 ವರ್ಷಕ್ಕೆ ಎರಡೂ ಬಡ್ಡಿಗಳ ವ್ಯತ್ಯಾಸ 80 ರೂಪಾಯಿ, ಅಸಲು ಎಷ್ಟು?" ಆ 80 ಮೊದಲ ವರ್ಷದ ಬಡ್ಡಿಯ ಹತ್ತನೇ ಒಂದು ಪಾಲು. ಹಾಗಾದರೆ ಬಡ್ಡಿ 800, ಅಸಲು 8,000. ಪೆನ್ನು ಬೇಕೇ ಇಲ್ಲ.

ಬಾಯಿಪಾಠ ಮಾಡಲೇಬೇಕು ಅಂದರೆ ಸೂತ್ರ ಬೇಡ, ಕೆಲವು ಸಂಖ್ಯೆ ಮಾಡಿ. ಚಕ್ರಬಡ್ಡಿಯಲ್ಲಿ 2 ವರ್ಷಕ್ಕೆ ಶೇ 5 ಅಂದರೆ ಒಟ್ಟು ಬಡ್ಡಿ ಶೇ 10.25, ಶೇ 10 ಅಂದರೆ 21, ಶೇ 20 ಅಂದರೆ 44. ಶೇ 10 ಮೂರು ವರ್ಷಕ್ಕೆ 33.1.

ದುಪ್ಪಟ್ಟಿನ ಪ್ರಶ್ನೆಯಲ್ಲಿ ಹುಷಾರು. 5 ವರ್ಷದಲ್ಲಿ ಹಣ ಎರಡು ಪಟ್ಟಾದರೆ 15 ವರ್ಷದಲ್ಲಿ ಎಷ್ಟು ಪಟ್ಟು? ಸರಳ ಬಡ್ಡಿಯಲ್ಲಿ 4. ಚಕ್ರಬಡ್ಡಿಯಲ್ಲಿ 8. ಎರಡೂ ಉತ್ತರ ಆಯ್ಕೆಗಳಲ್ಲಿ ಕೂತೇ ಇರುತ್ತವೆ.

ನಾನು ಒಮ್ಮೆ ಹೀಗೇ ಬಿದ್ದಿದ್ದೇನೆ. ಬ್ಯಾಂಕ್ ಪರೀಕ್ಷೆಯಲ್ಲಿ "ಅರ್ಧವಾರ್ಷಿಕ" ಎಂಬ ಪದ ಕಣ್ಣಿಗೇ ಬೀಳಲಿಲ್ಲ. ಶೇ 10 ಅಂದರೆ ಆರು ತಿಂಗಳಿಗೆ 5ರಂತೆ ಎರಡು ಸಲ ಹಾಕಬೇಕಿತ್ತು. ನಾನು ಸುಮ್ನೆ 10 ಹಾಕಿದೆ. ಆ ತಪ್ಪು ಉತ್ತರವೂ ಆಯ್ಕೆಯಲ್ಲಿತ್ತು, ಖುಷಿಯಿಂದ ಗುರುತು ಹಾಕಿ ಬಂದೆ! ಆಮೇಲಿಂದ ಪ್ರಶ್ನೆಯಲ್ಲಿ ಕಾಲಾವಧಿಯ ಪದಕ್ಕೆ ಗೆರೆ ಎಳೆಯದೆ ಲೆಕ್ಕ ಶುರು ಮಾಡುವುದಿಲ್ಲ.

ಇನ್ನು ಕಂತಿನ ಲೆಕ್ಕಗಳು. ಅವಕ್ಕೆ ಟೈಮ್ ಜಾಸ್ತಿ ಬೇಕು. ಅವನ್ನು ನಾನೂ ಕೊನೆಗೇ ಬಿಡುತ್ತಿದ್ದೆ.