ಹಾವು ಕಡಿತದ ಲೆಕ್ಕಕ್ಕೆ ಸರಾಸರಿಯೊಂದೇ ಸಾಲದು

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟೊಡನೆ ಗಂಗಾವತಿ, ಕಾರಟಗಿ ಭಾಗದಲ್ಲಿ ಭತ್ತದ ನಾಟಿ ಶುರುವಾಗುತ್ತದೆ. ಗದ್ದೆಗಳಲ್ಲಿ ಇಲಿ, ಕಪ್ಪೆ ಹೆಚ್ಚಿದಂತೆ ಹಾವುಗಳೂ ಬರುತ್ತವೆ. ರಾತ್ರಿ ಬರಿಗಾಲಲ್ಲಿ ನೀರು ಕಟ್ಟಲು ಹೋದ ರೈತರೂ, ಬಾಗಿ ಸಸಿ ನೆಡುವ ಹೆಣ್ಣಾಳುಗಳೂ ಕಡಿತಕ್ಕೆ ಒಳಗಾಗುತ್ತಾರೆ. ಹಳ್ಳಿಯ ಆಸ್ಪತ್ರೆಯಲ್ಲಿ ವಿಷನಿರೋಧಕ ಚುಚ್ಚುಮದ್ದು ಎಷ್ಟಿರಬೇಕೆಂಬುದನ್ನು ವಾರದ ಸರಾಸರಿಯೊಂದನ್ನೇ ನೋಡಿ ನಿರ್ಧರಿಸುವುದು ಅಪಾಯಕಾರಿ ಎಂಬುದು, ಸಂಖ್ಯಾಶಾಸ್ತ್ರ ಕಲಿಸುವ ನನ್ನ ದೃಢ ಅಭಿಪ್ರಾಯ.

ಒಂದು ಆಸ್ಪತ್ರೆಗೆ ವಾರಕ್ಕೆ ಸರಾಸರಿ ಇಬ್ಬರು ಬರುತ್ತಾರೆಂದು ಇಟ್ಟುಕೊಳ್ಳೋಣ. ಕಡಿತಗಳು ಒಂದಕ್ಕೊಂದು ಸಂಬಂಧವಿಲ್ಲದೆ, ವರ್ಷವಿಡೀ ಒಂದೇ ದರದಲ್ಲಿ ಸಂಭವಿಸುವುದಾದರೆ, ಫ್ರಾನ್ಸಿನ ಗಣಿತಜ್ಞ ಪಾಯ್ಸಾನ್ 1837ರಲ್ಲಿ ಪ್ರಕಟಿಸಿದ ಸೂತ್ರ ಇಲ್ಲಿ ಅನ್ವಯಿಸುತ್ತದೆ. ಅದರಂತೆ ವರ್ಷದ 52 ವಾರಗಳಲ್ಲಿ ಸುಮಾರು 7 ವಾರ ಒಬ್ಬರೂ ಬರುವುದಿಲ್ಲ. ಎರಡು ಮೂರು ವಾರ ಐವರು ಅಥವಾ ಇನ್ನೂ ಹೆಚ್ಚು ಜನ ಬರುತ್ತಾರೆ. ಅಂಥ ವಾರದಲ್ಲಿ ‘ಈ ಸಲ ಹಾವಿನ ಕಾಟ ಜಾಸ್ತಿ’ ಎಂದು ಊರವರು ಕಾರಣ ಹುಡುಕುತ್ತಾರೆ. ಕಾರಣವೇ ಇಲ್ಲದೆಯೂ ಘಟನೆಗಳು ಹೀಗೆ ಗುಂಪುಗೂಡಬಲ್ಲವು.

ಇದಕ್ಕೆ ಹಳೆಯ ಪುರಾವೆಯಿದೆ. 1898ರಲ್ಲಿ ಬೊರ್ಟ್‌ಕೀವಿಚ್ ಎಂಬ ವಿದ್ವಾಂಸರು ಪ್ರಷ್ಯಾದ ಸೇನೆಯಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕವನ್ನು ಪ್ರಕಟಿಸಿದರು. 10 ದಳಗಳ 20 ವರ್ಷಗಳ ದಾಖಲೆಯಲ್ಲಿ, ಅಂದರೆ 200 ನಮೂದುಗಳಲ್ಲಿ, ಒಟ್ಟು 122 ಸಾವುಗಳಿದ್ದವು. ಒಂದೂ ಸಾವಿಲ್ಲದ ನಮೂದುಗಳು 109. ಸೂತ್ರದ ಅಂದಾಜೂ ಹೆಚ್ಚುಕಡಿಮೆ ಅಷ್ಟೇ.

ಆದರೆ ನಮ್ಮ ಗದ್ದೆಗಳಲ್ಲಿ ದರ ಒಂದೇ ಸಮನಾಗಿರುವುದಿಲ್ಲ, ನನ್ನನ್ನು ಹೆಚ್ಚು ಕಾಡುವುದೂ ಇದೇ. ಹಂಗಾಮಿನ 13 ವಾರ ಸರಾಸರಿ 4, ಉಳಿದ 39 ವಾರ ಸರಾಸರಿ 1.33 ಎಂದು ಹಿಡಿದರೆ ವರ್ಷದ ಸರಾಸರಿ ಆಗಲೂ 2 ಆಗಿಯೇ ಉಳಿಯುತ್ತದೆ. ಆದರೆ ಹಂಗಾಮಿನಲ್ಲಿ ಐವರು ಅಥವಾ ಹೆಚ್ಚು ಜನ ಬರುವ ಸಂಭವ ಪ್ರತಿ ವಾರ ಶೇ. 37ಕ್ಕೆ ಏರುತ್ತದೆ. ವಿಷವೇರಿದ ಒಬ್ಬರಿಗೇ ಮೊದಲ ಸುತ್ತಿನಲ್ಲಿ 8ರಿಂದ 10 ವಯಲ್ (ಸಣ್ಣ ಸೀಸೆ) ವಿಷನಿರೋಧಕ ಬೇಕಾಗುತ್ತದೆ ಎಂಬುದನ್ನು ನೆನೆದರೆ ಈ ವ್ಯತ್ಯಾಸದ ಗಂಭೀರತೆ ತಿಳಿಯುತ್ತದೆ.

ಎಣಿಕೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆಯೇ ವೇರಿಯನ್ಸ್; ಪಾಯ್ಸಾನ್ ಸೂತ್ರದಂತೆ ಅದು ಸರಾಸರಿಗೆ ಸಮನಾಗಿರಬೇಕು. ವಾರವಾರದ ಎಣಿಕೆಗಳ ವೇರಿಯನ್ಸ್ ಸರಾಸರಿಗಿಂತ ಬಹಳ ಹೆಚ್ಚಿದ್ದರೆ ಒಂದೇ ದರದ ಊಹೆಯನ್ನು ಕೈಬಿಟ್ಟು, ಹಂಗಾಮಿಗೊಂದು ದರವನ್ನು ಪ್ರತ್ಯೇಕವಾಗಿ ಅಂದಾಜಿಸಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದ್ದರಿಂದ ಪ್ರತಿ ಪ್ರಕರಣವನ್ನೂ ವರದಿ ಮಾಡುವುದು ಈಗ ಕಡ್ಡಾಯ. ಆ ವರದಿಗಳನ್ನು ತಿಂಗಳ ಮೊತ್ತಕ್ಕೆ ಇಳಿಸದೆ, ದಿನಾಂಕ ಮತ್ತು ಹಳ್ಳಿಯ ಹೆಸರಿನೊಂದಿಗೆ ಹಾಗೆಯೇ ಉಳಿಸಿಕೊಂಡರೆ ಈ ಲೆಕ್ಕವನ್ನು ತಾಲ್ಲೂಕು ಮಟ್ಟದಲ್ಲೇ ಮಾಡಬಹುದು.